ಸಹಾಯ ಬೇಕು: ರಿಂಗ್‌ಗೆ ಬರುವಾಗ ಯಾವ ಥರದ ಹಾಡು ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ಇನ್ನು ಎರಡು ವಾರಕ್ಕೆ ನನ್ನ ಮೊದಲ ಬಾಕ್ಸಿಂಗ್ ಪಂದ್ಯ. ಎಂಟ್ರಿ ಹಾಡು ಯಾವುದು ಅಂತ ಶುಕ್ರವಾರದೊಳಗೆ ಹೇಳಬೇಕು. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನದು ಮಾತು ಕಡಿಮೆ. ರಿಂಗ್‌ನಲ್ಲೂ ಹಾಗೇ, ಮೊದಲ ರೌಂಡ್ ಪೂರ್ತಿ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಹಾಕುತ್ತಾ ಎದುರಾಳಿಯ ಕಾಲು ಹೇಗೆ ಓಡಾಡುತ್ತದೆ ಅಂತ ನೋಡುತ್ತಿರುತ್ತೇನೆ. ಜಿಮ್‌ನಲ್ಲಿ ಎಲ್ಲರೂ ಜೋರು ಬೀಟ್ ಇರುವುದನ್ನೇ ಹಾಕು ಅನ್ನುತ್ತಾರೆ. ಅಂಥವು ಐದಾರು ಹಾಕಿ ನೋಡಿದೆ. ಕೈಗೆ ಪಟ್ಟಿ ಸುತ್ತಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಕಾರಿಡಾರ್‌ನಲ್ಲಿ ನಡೆದೆ. ಎದೆ ಡವಡವ ಅನ್ನುತ್ತದೆ, ಭುಜ ಬಿಗಿಯುತ್ತದೆ, ಆಮೇಲೆ ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಗೆ ಗುದ್ದುವ ಅಭ್ಯಾಸ) ಶುರು ಮಾಡಿದರೆ ಒಂದೇ ನಿಮಿಷಕ್ಕೆ ಏದುಸಿರು. ನಿಧಾನವಾದ ಕೊಳಲು ಹಾಕಿದರೆ ಮೈ ಹಗುರ, ಆದರೆ ಚುರುಕೇ ಹೋಗಿಬಿಡುತ್ತದೆ.

1988ರಲ್ಲಿ ಬಾಕ್ಸರ್ ಮೈಕಲ್ ಸ್ಪಿಂಕ್ಸ್ ವಿರುದ್ಧದ ಪಂದ್ಯಕ್ಕೆ ಹೆವಿವೇಟ್ ಚಾಂಪಿಯನ್ ಮೈಕ್ ಟೈಸನ್ ರಿಂಗ್‌ಗೆ ಬಂದ ವಿಡಿಯೋ ಮತ್ತೆ ಮತ್ತೆ ನೋಡಿದೆ. ಹಾಡೇ ಇಲ್ಲ, ಎದೆ ನಡುಗಿಸುವ ಸದ್ದು ಮಾತ್ರ. ನಿಲುವಂಗಿಯೂ ಇಲ್ಲ, ಕಪ್ಪು ಚಡ್ಡಿ ಅಷ್ಟೇ. ಪಂದ್ಯ 91 ಸೆಕೆಂಡಿಗೆ ಮುಗಿಯಿತು! ಆ ಸದ್ದು ಟೈಸನ್ ಆಟದ ಥರವೇ ಇತ್ತು ಅಲ್ವಾ? ಅದನ್ನೇ ನಾನು ಹಾಕಿಸಿದರೆ ಬೇರೆಯವರ ಅಂಗಿ ತೊಟ್ಟ ಹಾಗಿರುತ್ತದೆ.

ನನ್ನ ಗೊಂದಲ ಇಷ್ಟೇ. ಹಾಡು ನಾನು ಹೇಗಿದ್ದೇನೋ ಹಾಗಿರಬೇಕಾ, ಇಲ್ಲಾ ಆ ಹೊತ್ತಿಗೆ ನನ್ನಲ್ಲಿ ಕಡಿಮೆ ಇರುವುದನ್ನು ತುಂಬಬೇಕಾ? ರಿಂಗ್ ಹತ್ತಿದವರು, ಅದರಲ್ಲೂ ಶಾಂತ ಸ್ವಭಾವದವರು, ನೀವು ಯಾವುದನ್ನು ಆರಿಸಿದಿರಿ, ಗಂಟೆ ಹೊಡೆದಾಗ ಮೈ ಹೇಗಿತ್ತು, ದಯವಿಟ್ಟು ಹೇಳಿ.