ಸಹಾಯ ಬೇಕು: ಡೆಂಗಿ ಅಲ್ಲ ಅಂತಾರೆ, ಜ್ವರ ಬಿಡುತ್ತಿಲ್ಲ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಪಾಂಡವಪುರದ ಹತ್ತಿರ. ಅಪ್ಪನಿಗೆ ವಾರದಿಂದ ಜ್ವರ, ತಡೆಯೋಕಾಗದ ತಲೆನೋವು. ಡೆಂಗಿ ಟೆಸ್ಟ್ ನೆಗೆಟಿವ್, ಪ್ಲೇಟ್‌ಲೆಟ್ ಕಮ್ಮಿ. ವೈರಲ್ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು.

ನಿನ್ನೆ ಅಮ್ಮ ಮೈ ಒರೆಸುವಾಗ ಉಡಿದಾರದ ಕೆಳಗೆ ಒಂದು ಕಪ್ಪು ಹಕ್ಕಳೆ ಕಂಡಿತು. ಬೀಡಿ ತಾಗಿ ಸುಟ್ಟ ಹಾಗಿದೆ, ಸುತ್ತ ಕೆಂಪು. ನೋವಿಲ್ಲ, ತುರಿಕೆಯೂ ಇಲ್ಲ, ಅಪ್ಪನಿಗೇ ಗೊತ್ತಿರಲಿಲ್ಲ. ಅಂಗೈ, ಅಂಗಾಲಲ್ಲೂ ಸಣ್ಣ ಕೆಂಪು ಚುಕ್ಕೆ. ಅಪ್ಪ ದಿನಾ ಹಸುವಿನ ಕಿವಿಯಿಂದ ಉಣ್ಣೆ ಕೀಳುವವರು, ಕಬ್ಬಿನ ಗದ್ದೆ ಬದುವಲ್ಲಿ ಹುಲ್ಲು ಕೊಯ್ಯುವವರು. ಅದನ್ನು ಯಾರೂ ಕೇಳಲೇ ಇಲ್ಲ ನೋಡಿ.

ನರ್ಸ್ ಆಗಿರುವ ಅತ್ತಿಗೆ ಹೇಳೋದು: ಇಂಥ ಹಕ್ಕಳೆ ಉಣ್ಣೆಯಿಂದ ಬರುವ ಟಿಕ್ ಟೈಫಸ್‌ನಲ್ಲೂ ಇರಬಹುದು, ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಇರಬಹುದು. ಅಂಗೈಯಲ್ಲಿ ಚುಕ್ಕೆ ಇರೋದರಿಂದ ಮೊದಲನೆಯದರ ಮೇಲೇ ಅನುಮಾನ ಜಾಸ್ತಿ. ಎರಡಕ್ಕೂ ಡಾಕ್ಸಿಸೈಕ್ಲಿನ್ ಮಾತ್ರೆಯೇ. ಬೇಗ ಶುರುವಾದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತೆ, ತಡವಾದರೆ ಕಿಡ್ನಿ, ಶ್ವಾಸಕೋಶಕ್ಕೂ ಕಷ್ಟ. ಹಾಗಂತ ಮೆಡಿಕಲ್ ಸ್ಟೋರ್‌ನಿಂದ ನಾವೇ ತಂದು ಕೊಡೋಕೆ ಧೈರ್ಯ ಇಲ್ಲ.

ದಯವಿಟ್ಟು ಮಂಗನ ಕಾಯಿಲೆ ಅಂತ ಹೆದರಿಸಬೇಡಿ. ಅದೂ ಉಣ್ಣೆಯಿಂದಲೇ ಬರುತ್ತೆ, ಆದರೆ ಅದು ವೈರಸ್, ಕಾಡಂಚಿನ ಕಡೆಯದು. ಅಪ್ಪ ಕಾಡಿನ ಕಡೆ ಹೋಗಿಯೇ ಇಲ್ಲ.

ಬೆಳಿಗ್ಗೆ ಮಂಡ್ಯದ ಮಿಮ್ಸ್‌ಗೆ ಹೋಗೋದಾ, ನೇರ ಮೈಸೂರು ಕೆ.ಆರ್. ಆಸ್ಪತ್ರೆಗಾ? ಈ ಟೈಫಸ್ ಪತ್ತೆಗೆ ಮಾಡುವ ವೀಲ್-ಫೆಲಿಕ್ಸ್, ಐಜಿಎಂ ಎಲೈಸಾ ರಕ್ತದ ಟೆಸ್ಟ್ ಎಲ್ಲಿ ಬೇಗ ಆಗುತ್ತೆ? ರಿಪೋರ್ಟ್ ಬರುವ ಮುಂಚೆಯೇ ಡಾಕ್ಟರ್ ಮಾತ್ರೆ ಶುರು ಮಾಡಿದ್ದು ಯಾರಿಗಾದರೂ ಗೊತ್ತಾ? ಉಸಿರಾಟ ಸದ್ಯಕ್ಕೆ ಸರಿಯಾಗಿದೆ, ಊಟ ಮಾತ್ರ ಸೇರುತ್ತಿಲ್ಲ.