ಜೋಮು ಕಾಲಿಗೆ, ಸ್ಕ್ಯಾನ್ ಬೆನ್ನಿಗೆ: ಯಾಕೆ?

ಪ್ರಶ್ನೆ: ಸರ್, ನಮ್ಮ ಅಪ್ಪನಿಗೆ 61 ವರ್ಷ. ಮೂರು ತಿಂಗಳಿಂದ ಎಡಗಾಲು ಸೊಂಟದಿಂದ ಪಾದದವರೆಗೆ ಸೆಳೆಯುತ್ತೆ, ಜೋಮು ಹಿಡಿಯುತ್ತೆ. ಮೀನಖಂಡದ ಮೇಲೆ ನೀಲಿ ನರಗಳೂ ಉಬ್ಬಿವೆ. ಡಾಕ್ಟರು ನೋಡಿದರೆ ಬೆನ್ನಿನ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಸುಮ್ಮನೆ ದುಡ್ಡು ಕೀಳೋಕಾ?

ಉತ್ತರ (ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವವರು): ಅಲ್ಲ, ಸರಿಯಾಗಿಯೇ ಬರೆದಿದ್ದಾರೆ. ತೊಡಕು ಇರುವುದು ನಮ್ಮ ‘ನರ’ ಎಂಬ ಪದದಲ್ಲಿ. ಕೈಕಾಲ ಮೇಲೆ ನೀಲಿಯಾಗಿ ಕಾಣುವುದಕ್ಕೂ ನರ ಅಂತೀವಿ, ಕತ್ತು ಉಳುಕಿದರೂ ನರ ಹಿಡ್ಕೊಂಡಿದೆ ಅಂತೀವಿ. ನೀಲಿಯಾಗಿ ಉಬ್ಬಿರುವುದು ರಕ್ತನಾಳ. ನಿಜವಾದ ನರ ಬಿಳಿಚಿದ ದಾರದ ಹಾಗಿರುತ್ತೆ, ಚರ್ಮದ ಮೇಲಿಂದ ಸಾಮಾನ್ಯವಾಗಿ ಕಾಣುವುದಿಲ್ಲ.

ಮಿದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರವ್ಯೂಹ. ಅಲ್ಲಿಂದ ಹೊರಬಿದ್ದು ಮೈಯೆಲ್ಲ ಹರಡುವುದು ಹೊರವಲಯದ ನರಗಳು: ಮಿದುಳಿನಿಂದ 12 ಜೋಡಿ, ಬೆನ್ನುಹುರಿಯಿಂದ 31 ಜೋಡಿ. (ಕತ್ತಿನಲ್ಲಿ ಮೂಳೆ 7, ನರ ಮಾತ್ರ 8 ಜೋಡಿ. ಮೌಖಿಕ ಪರೀಕ್ಷೆಯಲ್ಲಿ ನಮ್ಮ ಹುಡುಗರು ಪ್ರತಿ ವರ್ಷ ಎಡವುವುದು ಇಲ್ಲೇ.)

ಕಾಲಿನ ದೊಡ್ಡ ನರ ಸಯಾಟಿಕ್. ಮೈಯಲ್ಲೆಲ್ಲ ಅದೇ ದಪ್ಪ, ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ಸೊಂಟದ ಕೊನೆಯ ಎರಡು ನರಗಳ ಬೇರು, ಅದರ ಕೆಳಗಿನ ತ್ರಿಕಾಸ್ಥಿಯ ಮೊದಲ ಮೂರರ ಬೇರು, ಈ ಐದೂ ಕೂಡಿ ಅದಾಗುತ್ತೆ. ಪಾದದ ಬೆರಳು ಅಲ್ಲಾಡಿಸುವ ನರಕೋಶ ಇರುವುದು ಬೆನ್ನುಹುರಿಯೊಳಗೆ. ಅದರ ಒಂದೇ ಎಳೆ ಸುಮಾರು ಒಂದು ಮೀಟರ್ ಇಳಿದು ಪಾದ ಮುಟ್ಟುತ್ತೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜರುಗಿ ಬೇರನ್ನು ಒತ್ತಿದರೂ ಮಿದುಳಿಗೆ ಅದು ಕಾಲಿನ ನೋವು ಅಂತಲೇ ತಿಳಿಯುತ್ತೆ. ಕರೆಗಂಟೆಯ ವೈರ್ ಮಧ್ಯದಲ್ಲಿ ಎಲ್ಲಿ ತಗುಲಿದರೂ ಒಳಗಿನವರು ಬಾಗಿಲಿಗೆ ತಾನೆ ಓಡುವುದು?

ಇನ್ನೊಬ್ಬ ಸದಸ್ಯೆ: ಸರ್, ನನಗೆ ಶುಗರ್ ಇದೆ. ಎರಡೂ ಪಾದ ಉರಿ. ನನಗೂ ಡಿಸ್ಕ್ ಇರಬಹುದಾ?

ಉತ್ತರ: ಮೇಡಂ, ಬೇರು ಒತ್ತಿದರೆ ಸಾಮಾನ್ಯವಾಗಿ ಒಂದೇ ಕಾಲಲ್ಲಿ ಪಟ್ಟೆ ಎಳೆದ ಹಾಗೆ ಇಳಿಯುತ್ತೆ. ಎರಡೂ ಪಾದಕ್ಕೆ ಕಾಲುಚೀಲ ಹಾಕಿದ ಹಾಗೆ ಉರಿ, ಜೋಮು ಇದ್ದರೆ ನರದ ತುದಿಗಳು ಸೊರಗಿರುವುದೇ ಹೆಚ್ಚು. ಸಕ್ಕರೆ ಕಾಯಿಲೆ ಮೊದಲು ಹಿಡಿಯುವುದು ಅತಿ ಉದ್ದದ ಎಳೆಗಳನ್ನು, ಅದಕ್ಕೇ ಪಾದದಿಂದ ಶುರು. ಬಿ12 ಕೂಡ ನೋಡಿಸಿ. ಕೊರತೆ ಇದ್ದರೆ ಅದರ ಇಂಜೆಕ್ಷನ್ ಕೆಲಸ ಮಾಡುತ್ತೆ. ‘ನರದ ಟಾನಿಕ್’ ಅಂತ ಎಲ್ಲರಿಗೂ ಚುಚ್ಚಿಸುವುದರಲ್ಲಿ ಅರ್ಥವಿಲ್ಲ. ಪಾದಕ್ಕೆ ಗಾಯವಾದರೂ ತಿಳಿಯದೆ ಹೋಗಬಹುದು, ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ.

ಮತ್ತೊಬ್ಬರು: ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚುತ್ತಾರಲ್ಲ ಸರ್, ಸೂಜಿ ಬೆನ್ನುಹುರಿಗೇ ತಾಗಲ್ವಾ?

ಉತ್ತರ: ಆ ಜಾಗದಲ್ಲಿ ಹುರಿಯೇ ಇಲ್ಲ! ಗರ್ಭದಲ್ಲಿ ಮೂರನೇ ತಿಂಗಳಲ್ಲಿ ಬೆನ್ನುಹುರಿ ಬೆನ್ನುಮೂಳೆಯೊಳಗಿನ ಕೊಳವೆಯ ತುದಿಯವರೆಗೂ ಇರುತ್ತೆ. ಆಮೇಲೆ ಮೂಳೆ ಬೇಗ ಬೆಳೆದು ಮುಂದೆ ಹೋಗುತ್ತೆ, ಹುರಿ ಹಿಂದೆ ಉಳಿಯುತ್ತೆ. ದೊಡ್ಡವರಲ್ಲಿ ಅದು ಸೊಂಟದ ಮೊದಲನೇ, ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತೆ. ಅಲ್ಲಿಂದ ಕೆಳಗೆ ನೀರಿನಂಥ ದ್ರವದಲ್ಲಿ ಬೇರುಗಳಷ್ಟೇ ತೂಗುತ್ತಿರುತ್ತವೆ. ನೋಡೋಕೆ ಥೇಟ್ ಕುದುರೆಬಾಲ, ವೈದ್ಯರು ಲ್ಯಾಟಿನ್‌ನಲ್ಲಿ ಕರೆಯುವುದೂ ಹಾಗೇ. ಸೂಜಿ ಹಾಕುವುದು ಮೂರನೇ-ನಾಲ್ಕನೇ ಮೂಳೆಯ ನಡುವೆ, ಇಲ್ಲವೇ ಅದರ ಕೆಳಗೆ. ಬೇರುಗಳು ಸಾಮಾನ್ಯವಾಗಿ ಪಕ್ಕಕ್ಕೆ ಸರಿದುಕೊಳ್ಳುತ್ತವೆ.

ಮೊದಲು ಕೇಳಿದವರಿಗೆ: ಅಪ್ಪನಿಗೆ ಜೋಮು ಪಾದದ ಯಾವ ಕಡೆ? ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ, ಬೀಳದಂತೆ ನೀವು ಪಕ್ಕದಲ್ಲಿರಿ.

ಪ್ರಶ್ನೆ ಕೇಳಿದವರು: ಪಾದದ ಮೇಲ್ಭಾಗ, ಹೆಬ್ಬೆರಳ ಕಡೆ ಸರ್. ಎಡ ಹಿಮ್ಮಡಿಯ ಮೇಲೆ ನಿಂತರೆ ಮುಂಗಾಲು ಮೇಲೇಳ್ತಾನೇ ಇಲ್ಲ. ತುದಿಗಾಲಲ್ಲಿ ಮಾತ್ರ ಚೆನ್ನಾಗಿ ನಿಲ್ತಾರೆ.

ಉತ್ತರ: ಹಾಗಾದರೆ ಸೊಂಟದ ಐದನೇ ನರದ ಮೇಲೆ ಅನುಮಾನ. ಕಿರುಬೆರಳು, ಅಂಗಾಲ ಕಡೆ ಜೋಮಿದ್ದು ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನದನ್ನು ಹೇಳುತ್ತಿದ್ದೆ. ಬರೀ ನೋವಾಗಿದ್ದರೆ ಒಂದು ವಾರ ಕಾಯಿರಿ ಅನ್ನಬಹುದಿತ್ತು, ಶಕ್ತಿಯೇ ಕುಗ್ಗಿರುವಾಗ ಬೇಡ. ಸ್ಕ್ಯಾನ್ ಈ ವಾರವೇ ಆಗಲಿ, ಹಿಮ್ಮಡಿಯ ವಿಷಯ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಮೂತ್ರ ಕಟ್ಟಿಕೊಂಡರೆ, ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.