ಪದಚರ್ಚೆ: 'ಕರೆಂಟ್ ಕೊಡೋದು' – ಇದಕ್ಕೆ ಹೊಂದುವ ಕನ್ನಡ ಹೆಸರು ಯಾವುದು?

ಎಲ್ಲರಿಗೂ ನಮಸ್ಕಾರ.

ಎರಡು ತಿಂಗಳ ಹಿಂದೆ ನನ್ನ ಚಿಕ್ಕಮ್ಮನಿಗೆ ಇಸಿಟಿ (ಎಲೆಕ್ಟ್ರೋ ಕನ್ವಲ್ಸಿವ್ ಥೆರಪಿ, ಅಂದರೆ ತಲೆಗೆ ಕರೆಂಟ್ ಹಾಯಿಸಿ ಮಾಡುವ ಚಿಕಿತ್ಸೆ) ಮಾಡಿಸಬೇಕಾಯಿತು. ಖಿನ್ನತೆ ಜಾಸ್ತಿಯಾಗಿ ಊಟ, ನೀರು ಎರಡನ್ನೂ ಬಿಟ್ಟಿದ್ದರು. ಒಪ್ಪಿಗೆ ಪತ್ರದಲ್ಲಿ 'ವಿದ್ಯುದಾಘಾತ ಚಿಕಿತ್ಸೆ' ಎಂದು ಅಚ್ಚಾಗಿತ್ತು. ಚಿಕ್ಕಪ್ಪ ಎರಡು ಸಲ ಓದಿ ಪೆನ್ನು ಕೆಳಗಿಟ್ಟರು. "ಆಘಾತ ಅಂತ ಬರೆದಿದೆಯಲ್ಲೋ, ಇದಕ್ಕೆ ಹೇಗೆ ಸೈನ್ ಹಾಕಲಿ?" ಎಂದರು.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಆಘಾತ ಅಂದರೆ ಪೆಟ್ಟು. ಸಾವಿನ ಸುದ್ದಿ ಕೇಳಿದಾಗ ಆಗುವುದೂ ಆಘಾತವೇ. ಮಾತಿನಲ್ಲಿ 'ಶಾಕ್ ಕೊಡಿಸೋದು', 'ಕರೆಂಟ್ ಕೊಡೋದು' ಅಂತೀವಿ. ಅಲ್ಲೂ ಕಣ್ಣಿಗೆ ಬರುವುದು ತಂತಿ ಮುಟ್ಟಿ ಬಿದ್ದವರು, ಅಲ್ವಾ?

ಆದರೆ ಇಲ್ಲಿ ಕರೆಂಟ್ ಬರೀ ದಾರಿ. ಬೇಕಾಗಿರುವುದು ಅದು ಮಿದುಳಿನಲ್ಲಿ ಎಬ್ಬಿಸುವ ಫಿಟ್ಸ್. 1934ರಲ್ಲಿ ಬುಡಾಪೆಸ್ಟ್‌ನಲ್ಲಿ ಮೆಡುನಾ ಎಂಬ ವೈದ್ಯ ಚಿಕಿತ್ಸೆಗೆಂದು ಫಿಟ್ಸ್ ಬರಿಸಿದ್ದು ಎಣ್ಣೆಯಲ್ಲಿ ಕರಗಿಸಿದ ಕರ್ಪೂರದ ಇಂಜೆಕ್ಷನ್‌ನಿಂದ. ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಅದಕ್ಕೆ ಕರೆಂಟ್ ಬಳಸಿದ್ದು 1938ರಲ್ಲಿ. ಇಸಿಟಿ ಎಂಬ ಹೆಸರಿನಲ್ಲಿರುವ 'ಸಿ' ಕೂಡ 'ಕನ್ವಲ್ಸಿವ್', ಅಂದರೆ ಫಿಟ್ಸ್ ಬರಿಸುವ ಅಂತ, ಶಾಕ್ ಅಲ್ಲ.

ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಕೊಡದೆ ಈಗ ಇದನ್ನು ಮಾಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಮಾಡುವುದನ್ನು ನಿಷೇಧಿಸಿದೆ. ನರ್ಸ್ ಒಂದು ವಿಷಯ ಹೇಳಿದರು. ಒಂದು ಕಾಲಿಗೆ ಬಿಪಿ ನೋಡುವ ಪಟ್ಟಿ ಬಿಗಿದು, ಸ್ನಾಯು ಸಡಿಲಿಸುವ ಮದ್ದು ಆ ಪಾದಕ್ಕೆ ಇಳಿಯದಂತೆ ಮಾಡುತ್ತಾರಂತೆ. ಮೈಯೆಲ್ಲ ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಆ ಪಾದ ಮಾತ್ರ ಅರ್ಧ ನಿಮಿಷದಷ್ಟು ಹೊತ್ತು ಅದುರುತ್ತದೆ. ಫಿಟ್ಸ್ ಬಂದಿದೆ ಅಂತ ಅದನ್ನು ನೋಡಿ ತಿಳಿಯುತ್ತಾರೆ.

ಆ ಅದುರುವಿಕೆಗೆ ಏನೆನ್ನೋಣ? 'ಮೂರ್ಛೆ' ಅಂದರೆ ಬರೀ ಎಚ್ಚರ ತಪ್ಪುವುದು ಅಂದುಕೊಳ್ಳುವವರೇ ಜಾಸ್ತಿ. 'ಕಂಪನ' ಅಂದರೆ ಭೂಮಿ ನೆನಪಾಗುತ್ತದೆ. 'ಸೆಳವು' ನನಗೆ ಹಿಡಿಸಿತು, 'ವಿದ್ಯುತ್ ಸೆಳವು ಚಿಕಿತ್ಸೆ'. ಚಿಕ್ಕಪ್ಪನಿಗೆ ಹೇಳಿದರೆ, "ಹೊಳೆಯ ಸೆಳವಾ?" ಅಂದರು. ಅವರು ಹೊಳೆ ದಂಡೆಯ ಊರಿನವರು.

ಆರನೇ ಸಲ ಆದ ಮೇಲೆ ಚಿಕ್ಕಮ್ಮ ತಾವಾಗಿಯೇ ಸಾರನ್ನ ಕೇಳಿದರು. ಆಸ್ಪತ್ರೆಗೆ ಸೇರಿಸಿದ ವಾರ ಮಾತ್ರ ಅವರಿಗೆ ಈಗಲೂ ನೆನಪಿಲ್ಲ. ಇಂಥ ಮರೆವನ್ನೂ ಮುಚ್ಚಿಡುವಷ್ಟು ನುಣುಪಾದ ಪದ ನನಗೆ ಬೇಡ.

ನಿಮ್ಮ ಕಡೆ ಫಿಟ್ಸ್‌ಗೆ ಮನೆಮಾತಿನಲ್ಲಿ ಏನಂತಾರೆ? ಕರಾವಳಿ, ಉತ್ತರ ಕರ್ನಾಟಕದವರು ದಯವಿಟ್ಟು ಬರೆಯಿರಿ. ಒಳ್ಳೆ ಪದ ಕೊಟ್ಟರೆ ಫಾರಂ ತಿದ್ದುತ್ತೇವೆ ಎಂದು ಆ ಆಸ್ಪತ್ರೆಯ ಡಾಕ್ಟರ್ ಒಪ್ಪಿದ್ದಾರೆ.